ಶನಿವಾರದ ಸಂತೋಷವೂ ನನ್ನ ಬೀಳ್ಕೊಡುಗೆ ಭಾಷಣವೂ

ಲೋಕದಲ್ಲಿ ಎರಡು ಬಗೆಯ ಪಾಪಿಗಳಿದ್ದಾರೆ ಎಂದು ನಾನು ಇಪ್ಪತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಕೊಲೆ ಮಾಡುವವರು ಒಂದು ಬಗೆ. ನಮ್ಮ ಊರಿನ ಟಿ.ವಿ. ಸ್ಟುಡಿಯೋದ ಟೇಪುಗಳನ್ನು ಅಳಿಸಿದವರು ಇನ್ನೊಂದು ಬಗೆ. ಮೊದಲನೆಯವರನ್ನು ಬೇಕಾದರೆ ಕ್ಷಮಿಸಬಹುದು. (ನಾನು ಹೀಗೆಂದಾಗಲೆಲ್ಲ ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಒಲೆಯ ಮೇಲೆ ಏನೋ ಇಟ್ಟಿರಬೇಕು ಎಂದುಕೊಳ್ಳುತ್ತಿದ್ದೆ.)

ಇಂದಿನವರಿಗೆ ಹೇಳಿದರೆ ನಂಬುವುದಿಲ್ಲ. ನೀರಿನ ಟ್ಯಾಂಕಿನ ಹಿಂದೆ, ಈಗ ಹಾಸಿಗೆ ಅಂಗಡಿಯವರ ದಾಸ್ತಾನು ಇರುವ ಕಟ್ಟಡದಲ್ಲಿ, ಒಂದು ಕಾಲಕ್ಕೆ ನಮ್ಮದೇ ಸ್ಟುಡಿಯೋ ಇತ್ತು. ಪ್ರತಿ ಶನಿವಾರ ಸಂಜೆ ಆರರಿಂದ ಏಳರವರೆಗೆ ‘ಶನಿವಾರದ ಸಂತೋಷ’ ಎಂಬ ವಿವಿಧ ವಿನೋದಾವಳಿ. ನಿರೂಪಕರು ನೀರು ಸರಬರಾಜು ಕಚೇರಿಯ ಗುಮಾಸ್ತರು. ಹಗಲೆಲ್ಲ ಊರಿನವರಿಂದ ಬೈಸಿಕೊಂಡು, ಸಂಜೆ ಅದೇ ಊರಿನವರನ್ನು ನಗಿಸುತ್ತಿದ್ದರು. ಕ್ಷೌರಿಕರೊಬ್ಬರು ಊರಿನ ಗಣ್ಯರ ದನಿಗಳನ್ನು ಅನುಕರಿಸುತ್ತಿದ್ದರು. (ಮರುದಿನ ಅದೇ ಗಣ್ಯರು ಅವರ ಕತ್ತಿಗೆ ಕತ್ತು ಒಡ್ಡಬೇಕಾಗಿದ್ದರಿಂದ ಯಾರೂ ದೂರು ಕೊಡುತ್ತಿರಲಿಲ್ಲ.) ಜಾದೂಗಾರನ ಪಾರಿವಾಳವು ತೋಳಿನಿಂದ ಹೊರಬರಲು ಯಾವತ್ತೂ ಒಪ್ಪಿದ್ದಿಲ್ಲ. ಹಿಂದೆ ಬೆಟ್ಟದ ಚಿತ್ರವಿದ್ದ ಪರದೆ, ಬೆಟ್ಟದ ನಡುವೆ ಒಂದು ತೇಪೆ. ಆ ತೇಪೆ ಹಾಕಿದವರು ಯಾರೆಂಬುದೂ ಊರಿಗೆಲ್ಲ ಗೊತ್ತಿತ್ತು. ಕೊನೆಯ ಹಾಡು ನನ್ನ ನಾದಿನಿಯದು, ಅಂದರೆ ನನ್ನ ಹೆಂಡತಿಯ ತಂಗಿಯದು. ಆಗ ಅವಳಿಗೆ ಇಪ್ಪತ್ತೆರಡು.

ಆಮೇಲೆ ಒಂದು ಮಂಗಳವಾರ ಪತ್ರ ಬಂತು: ಇನ್ನು ಮುಂದೆ ಎಲ್ಲ ಕಾರ್ಯಕ್ರಮಗಳೂ ರಾಜಧಾನಿಯಿಂದಲೇ ಪ್ರಸಾರವಾಗತಕ್ಕದ್ದು. ಸ್ಟುಡಿಯೋದ ಟೇಪುಗಳನ್ನು ಅಳಿಸಿ ಅವುಗಳ ಮೇಲೆ ಹವಾಮಾನ ವರದಿ ತುಂಬಿದರು. ಹಾಡಿದ ಕಂಠಗಳ ಮೇಲೆ ‘ಅಲ್ಲಲ್ಲಿ ತುಂತುರು’ ಎಂದು ಬರೆದುಬಿಟ್ಟರು.

ನಾದಿನಿಗೆ ಹೋದ ವರ್ಷ ಗಂಟಲಿನಲ್ಲಿ ಗಡ್ಡೆಯಾಯಿತು. ವೈದ್ಯರು ಗಡ್ಡೆಯ ಜೊತೆಗೆ ದನಿಪೆಟ್ಟಿಗೆಯನ್ನೂ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ನಾನು ನನ್ನ ಹಳೆಯ ಸ್ಲೇಟನ್ನು ಒಯ್ದು ಕೊಟ್ಟೆ. ಅವಳು ಮೊದಲ ಬಾರಿಗೆ ‘ನೋವು’ ಎಂದು ಬರೆದು ತೋರಿಸಿದಾಗ, ಮೂವತ್ತಾರು ವರ್ಷದ ಮೇಷ್ಟರ ಕೆಲಸದ ಅಭ್ಯಾಸಬಲದಿಂದ ‘ಅಕ್ಷರ ದುಂಡಾಗಿದೆ’ ಎಂದುಬಿಟ್ಟೆ. ಹೆಂಡತಿ ಅಂದಿನಿಂದ ಒಂದು ವಾರ ನನಗೆ ಕಾಫಿಯನ್ನು ಮಾತಿಲ್ಲದೆ ಕೊಟ್ಟಳು.

ನಾದಿನಿಯ ಮಗನಿಗೆ ಈ ವರ್ಷ ಮದುವೆಯಾಯಿತು. ಸೊಸೆ ದಂತವೈದ್ಯರೊಬ್ಬರ ಬಳಿ ಕೆಲಸ ಮಾಡುವ ಹುಡುಗಿ. ಅತ್ತೆಯ ದನಿಯನ್ನೇ ಕೇಳದ ಸೊಸೆ! ‘ಪುಣ್ಯವಂತೆ’ ಎಂದು ಮದುವೆಮನೆಯಲ್ಲಿ ಯಾರೋ ಹಾಸ್ಯ ಮಾಡಿದರು. ಅವಳು ನಗಲಿಲ್ಲ. ಒಂದು ದಿನ ನನ್ನನ್ನು ಕೇಳಿದಳು:

“ದೊಡ್ಡಪ್ಪ, ಅತ್ತೆ ದನಿ ಹೇಗಿತ್ತು?”

“ನಿನ್ನ ಗಂಡನನ್ನ ಕೇಳಮ್ಮ.”

“ಕೇಳಿದೆ. ‘ಬೈಯೋ ಹಾಗಿತ್ತು’ ಅಂದ್ರು.”

ಆಗ ನನಗೆ ಆ ಭವ್ಯ ಉಪಾಯ ಹೊಳೆಯಿತು. ಕೊನೆಯ ‘ಶನಿವಾರದ ಸಂತೋಷ’ವನ್ನು ನಾನು ಮನೆಯ ವಿ.ಸಿ.ಆರ್.ನಲ್ಲಿ ಮುದ್ರಿಸಿಕೊಂಡಿದ್ದೆ! ಒಂದು ಗಂಟೆಯ ಕ್ಯಾಸೆಟ್. ಲೋಕದಲ್ಲಿ ಉಳಿದ ಏಕಮಾತ್ರ ಪ್ರತಿ. ನಮ್ಮ ಕ್ಯಾಸೆಟ್‌ಗಳಿಗೆ ನಾನು ಹೆಸರು ಬರೆದಿರಲಿಲ್ಲ. ಶಾಲೆಯ ಗ್ರಂಥಾಲಯದಂತೆ ಬರಿಯ ಸಂಖ್ಯೆ ಹಾಕಿ, ವಿವರವನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದೆ. ರಿಜಿಸ್ಟರು ಮನೆ ಬದಲಾಯಿಸುವಾಗ ಕಳೆದುಹೋಗಿತ್ತು. ಆದರೇನು, ನನ್ನ ನೆನಪೇ ರಿಜಿಸ್ಟರು. ಒಂಬತ್ತನೆಯ ಸಂಖ್ಯೆ.

“ಭಾನುವಾರ ಬನ್ನಿ, ನಿನ್ನ ಅತ್ತೆಯ ಹಾಡು ಕೇಳಿಸುತ್ತೇನೆ” ಎಂದು ಅಲ್ಲೇ ಮಾತು ಕೊಟ್ಟೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳ ಮುಖ ಬಿಳಿಚಿತು.

“ಏನ್ರಿ, ಆ ಕ್ಯಾಸೆಟ್ಟು...”

“ಗೊತ್ತು, ಧೂಳು ಹಿಡಿದಿದೆ. ಒರೆಸುತ್ತೇನೆ.”

“ಅದಲ್ಲ, ನಾನು ಹೇಳೋದು...”

“ವಿ.ಸಿ.ಆರ್. ಕೆಟ್ಟಿದೆ ಅಂತ ತಾನೆ? ರಿಪೇರಿಯವನಿಗೆ ಹೇಳಿದ್ದೇನೆ.”

“ಅಯ್ಯೋ, ಒಂದು ನಿಮಿಷ ಕೇಳ್ರಿ...”

“ನಿನ್ನ ತಂಗಿಗಾಗಿ ನಾನು ಇಷ್ಟು ಒದ್ದಾಡಿದರೆ ನಿನಗೆ ಸಂತೋಷವೇ ಇಲ್ಲವಲ್ಲ!” ಎಂದು ನಾನು ಕೃತಜ್ಞತೆ ಎಂಬ ಗುಣದ ಬಗ್ಗೆ ಕಾಲು ಗಂಟೆ ಮಾತನಾಡಿದೆ. ಅವಳು ಎದ್ದು ಅಡುಗೆಮನೆಗೆ ಹೋದಳು.

ಟಿ.ವಿ. ರಿಪೇರಿಯವನು ಎರಡು ಸತ್ತ ವಿ.ಸಿ.ಆರ್.ಗಳಿಂದ ಒಂದು ಅರೆಜೀವದ ವಿ.ಸಿ.ಆರ್. ಮಾಡಿ ತಂದಿಟ್ಟ.

“ಮೇಷ್ಟ್ರೇ, ಪ್ಲೇ ಗುಂಡಿ ಒಂದೇ ಒತ್ತಿ. ಮುಂದಕ್ಕೆ ಓಡಿಸಿದ್ರೆ ಟೇಪನ್ನ ನುಂಗಿಬಿಡುತ್ತೆ. ಮಧ್ಯೆ ನಿಲ್ಲಿಸಿದ್ರೂ ನುಂಗುತ್ತೆ.”

“ಎಷ್ಟು ಸಲ ಓಡೀತಪ್ಪ?”

“ಒಂದು ಸಲ ಓಡಿದ್ರೆ ನಿಮ್ಮ ಅದೃಷ್ಟ.”

ಭಾನುವಾರ ನಾದಿನಿ ಬಂದಳು. ಕುತ್ತಿಗೆಗೆ ತೆಳುವಾದ ಬಟ್ಟೆ ಸುತ್ತಿಕೊಂಡಿದ್ದಳು. ಅದರ ಹಿಂದಿನ ತೂತಿನಿಂದ ಉಸಿರು ಸುಯ್ ಎಂದು ಬರುತ್ತಿತ್ತು. ತಲೆಯನ್ನು ಒಪ್ಪವಾಗಿ ಬಾಚಿ, ಅಂದು ಕಾರ್ಯಕ್ರಮಕ್ಕೆ ಹಾಕಿಕೊಂಡಿದ್ದ ಮುತ್ತಿನ ಓಲೆ ಹಾಕಿಕೊಂಡು ಬಂದಿದ್ದಳು. ಅದನ್ನು ಕಂಡ ನನ್ನ ಹೆಂಡತಿ ತಲೆ ತಗ್ಗಿಸಿದಳು. ಸೊಸೆ ಮೊದಲ ಕ್ಷಣದಿಂದಲೇ ಮುದ್ರಿಸಬೇಕೆಂದು ಮೊಬೈಲ್ ಹಿಡಿದು ಟಿ.ವಿ.ಯ ಮುಂದೆ ಕೂತಳು. ನಾನು ಪುಟ್ಟ ಪ್ರಸ್ತಾವನೆ ಮಾಡಿ (ಹನ್ನೆರಡು ನಿಮಿಷ), ಗುಂಡಿ ಒತ್ತಿದೆ.

ಪರದೆಯ ಮೇಲೆ ಹಿಮ ಸುರಿಯಿತು. ಗೆರೆಗಳು ಓಡಿದವು. ಬೆಟ್ಟದ ಪರದೆಗಾಗಿ ನಾವೆಲ್ಲ ಮುಂದಕ್ಕೆ ಬಾಗಿದೆವು. ಕಾಣಿಸಿದ್ದು ನಮ್ಮ ಶಾಲೆಯ ಸಭಾಂಗಣ. ಹೂಮಾಲೆ. ಹೂಮಾಲೆಯ ಒಳಗೆ ನಾನು.

“ಪೂಜ್ಯರೇ, ಸಹೋದ್ಯೋಗಿ ಬಂಧುಗಳೇ, ನೆಚ್ಚಿನ ವಿದ್ಯಾರ್ಥಿಗಳೇ,” ಎಂದೆ ನಾನು, ಟಿ.ವಿ.ಯಲ್ಲಿ. “ಮುಖ್ಯೋಪಾಧ್ಯಾಯಿನಿಯವರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಆದರೆ ಮೂವತ್ತಾರು ವರ್ಷಗಳನ್ನು ಹತ್ತು ನಿಮಿಷಕ್ಕೆ ಹೇಗೆ ಇಳಿಸಲಿ?”

ಕುರ್ಚಿಯಲ್ಲಿದ್ದ ನಾನು ಬೆವರಿದೆ. ಎಲ್ಲ ನೆನಪಾಯಿತು. ನನ್ನ ನಿವೃತ್ತಿಯ ದಿನ ವ್ಯಾಯಾಮದ ಮೇಷ್ಟರು ಕ್ಯಾಮೆರಾಕ್ಕೆ ‘ಒಂದು ಖಾಲಿ ಕ್ಯಾಸೆಟ್ ಕೊಡಿ’ ಎಂದಿದ್ದರು. ನಾನು ನೆನಪಿನ ರಿಜಿಸ್ಟರು ತೆರೆದು, ಒಂಬತ್ತು ಖಾಲಿ ಎಂದು ಕೊಟ್ಟಿದ್ದೆ. ಅದು ಶಾಲೆಯಲ್ಲೇ ಉಳಿಯಿತು ಎಂದು ನಂಬಿದ್ದೆ. ಆದರೆ, ಆಮೇಲೆ ತಿಳಿದಂತೆ, ಅದನ್ನು ಶಾಲೆಯ ಜವಾನ ಮನೆಗೆ ತಂದುಕೊಟ್ಟಿದ್ದನಂತೆ. ಇಸಿದುಕೊಂಡವಳು ನನ್ನ ಹೆಂಡತಿ.

“ನಿನಗೆ... ಗೊತ್ತಿತ್ತೇ?” ಎಂದೆ.

“ಆ ವಾರವೇ ಗೊತ್ತಾಯ್ತು. ತಂಗಿ ಹಾಡು ಕೇಳೋಣ ಅಂತ ಹಾಕಿದೆ. ನೀವು ಬಂದ್ರಿ.”

“ಇಪ್ಪತ್ತು ವರ್ಷ ಹೇಳಲಿಲ್ಲವಲ್ಲೇ!”

“ಹೇಳಿದ್ರೆ ಪಶ್ಚಾತ್ತಾಪದ ಬಗ್ಗೆ ಇನ್ನೊಂದು ಭಾಷಣ ಮಾಡ್ತಿದ್ರಿ.”

“ಮೊನ್ನೆಯಾದರೂ...”

“ಮೊನ್ನೆ ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ನೀವು ಮಾತಾಡ್ತಿದ್ರಿ.”

ನಾದಿನಿಯ ಕೈಯಲ್ಲಿ ಬಳಪವಿತ್ತು. ಅವಳು ಅದನ್ನು ಕೆಳಗಿಟ್ಟಳು. ಓಲೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಅದನ್ನು ಕಂಡು ನಾನು ನಿಲ್ಲಿಸಲು ಎದ್ದೆ.

“ಕೂತ್ಕೊಳ್ಳಿ!” ಎಂದಳು ಹೆಂಡತಿ. “ನಿಲ್ಲಿಸಿದ್ರೆ ನುಂಗುತ್ತೆ. ಕೊನೇಲಿ ಒಂದಿಷ್ಟು ಉಳಿದಿದೆ. ಗಂಟೆ ತುಂಬೋಕೆ ಮುಂಚೆ ನಿಮಗೆ ಕೆಮ್ಮು ಬಂತಲ್ಲ, ಪುಣ್ಯಕ್ಕೆ.”

ಹೀಗೆ ನಾವು ನಾಲ್ವರು ಆ ಕೋಣೆಯಲ್ಲಿ ಕೂತು ನನ್ನ ಬೀಳ್ಕೊಡುಗೆ ಭಾಷಣವನ್ನು ಪೂರ್ತಿಯಾಗಿ ಕೇಳಿದೆವು. ಓದುಗರೇ, ತಾನೇ ಬೇಯಿಸಿದ್ದನ್ನು ತಾನೇ ಉಣ್ಣುವ ಅಡುಗೆಯವನ ಕಷ್ಟ ನನಗೆ ಅಂದು ತಿಳಿಯಿತು. ಶಿಸ್ತಿನ ಬಗ್ಗೆ ಹದಿನಾಲ್ಕು ನಿಮಿಷ. ಸಮಯಪಾಲನೆಯ ಬಗ್ಗೆ ಇಪ್ಪತ್ತೊಂದು. ಸಭೆಯ ಮೂರನೆಯ ಸಾಲಿನಲ್ಲಿ ಗಣಿತದ ಮೇಷ್ಟರು ನಿದ್ದೆಹೋದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ನಾದಿನಿ ಮಧ್ಯದಲ್ಲೊಮ್ಮೆ ಸ್ಲೇಟು ಎತ್ತಿದಳು: ‘ಭಾವ, ಆಗ ಕೂದಲಿತ್ತು.’ ಅಕ್ಕ ತಂಗಿ ಇಬ್ಬರ ಭುಜಗಳೂ ಕುಲುಕಿದವು. ಒಬ್ಬಳ ನಗುವಿಗೆ ಸದ್ದಿತ್ತು, ಇನ್ನೊಬ್ಬಳದಕ್ಕೆ ಸುಯ್ ಎಂಬ ಗಾಳಿ ಮಾತ್ರ.

ಐವತ್ತನಾಲ್ಕನೆಯ ನಿಮಿಷಕ್ಕೆ ಟಿ.ವಿ.ಯಲ್ಲಿದ್ದ ನಾನು ಮೇಜು ಗುದ್ದಿದೆ: “ನಮ್ಮ ಊರಿನ ‘ಶನಿವಾರದ ಸಂತೋಷ’ವನ್ನು ಅಳಿಸಿದರಲ್ಲ, ಅವರಿಗೆ ಹೃದಯವಿತ್ತೇ? ಹಳೆಯದನ್ನು ಅಳಿಸುವ ಮುನ್ನ ಒಮ್ಮೆ, ಒಂದೇ ಒಮ್ಮೆ, ಅದೇನೆಂದು ನೋಡಬಾರದಿತ್ತೇ?” ಸಭೆ ಚಪ್ಪಾಳೆ ತಟ್ಟಿತು. ಕೋಣೆಯಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಎಷ್ಟೋ ಸುಖವಿತ್ತು.

ಅಷ್ಟರಲ್ಲಿ ಸೊಸೆ ಗಾಬರಿಯಿಂದ ಪಿಸುಗುಟ್ಟಿದಳು:

“ದೊಡ್ಡಪ್ಪ, ಮೊಬೈಲಲ್ಲಿ ಜಾಗ ಮುಗೀತು! ರೆಕಾರ್ಡ್ ಆಗ್ತಿಲ್ಲ.”

“ಇಷ್ಟು ಹೊತ್ತೂ ರೆಕಾರ್ಡ್ ಮಾಡ್ತಿದ್ದೆಯಾ?” ಎಂದಳು ನನ್ನ ಹೆಂಡತಿ.

“ಮಧ್ಯೆ ನಿಲ್ಸಿದ್ರೆ ದೊಡ್ಡಪ್ಪನಿಗೆ ಬೇಜಾರಾಗುತ್ತೆ ಅಂತ, ದೊಡ್ಡಮ್ಮ. ಏನಾದ್ರೂ ಅಳಿಸ್ಲೇಬೇಕು. ನಮ್ಮ ಮದುವೆ ಫೋಟೋ ಇದೆ. ಇಲ್ಲಾಂದ್ರೆ... ಈಗ ತೆಗೆದ ಭಾಷಣ ಇದೆ.”

ನಾನು ಗಂಟಲು ಸರಿಪಡಿಸಿಕೊಂಡೆ. “ಮದುವೆ ಫೋಟೋ ಒಟ್ಟು ಎಷ್ಟಿವೆಯಮ್ಮ?”

“ಏನ್ರಿ!” ಎಂದಳು ಹೆಂಡತಿ. ಮೂವತ್ತಾರು ವರ್ಷ ತರಗತಿ ನಡೆಸಿದ ನನಗೂ ಅಂಥ ದನಿ ಬಂದಿರಲಿಲ್ಲ.

ಟಿ.ವಿ.ಯಲ್ಲಿ ನಾನು ಉಪಸಂಹಾರಕ್ಕೆ ಬಂದಿದ್ದೆ. ನಾದಿನಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ ಅದು. ಪರೀಕ್ಷೆಯ ಫಲಿತಾಂಶ ಓದುವಾಗ ಕೊನೆಯ ಬೆಂಚಿನವರು ನನ್ನನ್ನು ಹಾಗೆ ನೋಡುತ್ತಿದ್ದರು.

“ಅಳಿಸು” ಎಂದೆ.

“ಖಂಡಿತಾನಾ ಅಂತ ಕೇಳ್ತಿದೆ, ದೊಡ್ಡಪ್ಪ.”

ನಾನು ಟಿ.ವಿ.ಯಲ್ಲಿದ್ದ ನನ್ನನ್ನೇ ನೋಡಿದೆ. ‘ಹೌದು ಅನ್ನು’ ಎಂದವಳು ಹೆಂಡತಿ. ಟಿ.ವಿ.ಯಲ್ಲಿ ನನಗೆ ಕೆಮ್ಮು ಬಂತು. ಸೊಸೆಯ ಬೆರಳು ಒತ್ತಿತು. ಐವತ್ತೊಂಬತ್ತು ನಿಮಿಷ ದಾಟಿ, ಗಂಟೆ ತುಂಬಲು ಕೆಲವೇ ಸೆಕೆಂಡು ಇರುವಾಗ ಚಿತ್ರ ಹರಿದು, ಹಿಮ ಸುರಿದು, ಬೆಟ್ಟ ಕಾಣಿಸಿತು. ತೇಪೆ ಕಾಣಿಸಿತು. ಅದರ ಮುಂದೆ ಮುತ್ತಿನ ಓಲೆಯ ಇಪ್ಪತ್ತೆರಡರ ಹುಡುಗಿ. ಹಾಡು ಆಗಲೇ ಮುಗಿದಿತ್ತು. ಚಪ್ಪಾಳೆ ನಿಲ್ಲುತ್ತಿತ್ತು.

“ಇನ್ನೊಂದು ಹಾಡ್ತೀರಾ?” ಎಂದರು ಗುಮಾಸ್ತರು.

“ಹೊತ್ತಾಯ್ತಲ್ಲ! ಮುಂದಿನ ವಾರ ಹಾಡ್ತೀನಿ. ಬಿಡ್ತೀನಾ?” ಎಂದು ಹುಡುಗಿ ನಕ್ಕಳು.

ಅಷ್ಟೇ. ಹನ್ನೊಂದು ಸೆಕೆಂಡು. ಕ್ಯಾಸೆಟ್ಟು ಮುಗಿದು, ವಿ.ಸಿ.ಆರ್. ತಾನಾಗಿಯೇ ಹಿಂದಕ್ಕೆ ಸುತ್ತಲು ಹೊರಟು, ಕರಕರ ಎಂದು ಟೇಪನ್ನು ಅಗಿದು ನುಂಗಿತು. ನನ್ನ ಬೀಳ್ಕೊಡುಗೆ ಭಾಷಣದ ಪ್ರತಿ ಇನ್ನು ಲೋಕದಲ್ಲಿ ಎಲ್ಲೂ ಇಲ್ಲ. ಅದಕ್ಕಾಗಿ ಯಾರೂ ಅಯ್ಯೋ ಎನ್ನಲಿಲ್ಲ.

ಸೊಸೆ ಮೊಬೈಲನ್ನು ಅತ್ತೆಯ ಕಿವಿಯ ಬಳಿ ಹಿಡಿದಳು. ‘ಬಿಡ್ತೀನಾ?’ ಎಂದಿತು ಅದು. ಮತ್ತೆ ಒತ್ತಿದಳು. ಐದು ಸಲ, ಆರು ಸಲ. ನಾದಿನಿ ಕಣ್ಣು ಮುಚ್ಚಿಕೊಂಡು, ದನಿಯಿಲ್ಲದ ತುಟಿಗಳನ್ನು ಅದರೊಡನೆ ಆಡಿಸುತ್ತಿದ್ದಳು. ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಏನೂ ಇಟ್ಟಿರಲಿಲ್ಲ.

ಹೊರಡುವ ಮುನ್ನ ನಾದಿನಿ ಬಳಪ ತೆಗೆದುಕೊಂಡು, ದುಂಡಗೆ ಬರೆದು, ನನ್ನತ್ತ ಹಿಡಿದಳು: ‘ಚೆನ್ನಾಗಿತ್ತು.’

ನನ್ನ ಎದೆ ತುಂಬಿ ಬಂತು. “ಯಾವುದಮ್ಮ?” ಎಂದೆ. “ಭಾಷಣವೂ ಸೇರಿ ತಾನೆ?”

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಸ್ಲೇಟಿಗೆ ಕಟ್ಟಿದ್ದ ಒದ್ದೆ ಬಟ್ಟೆಯನ್ನು ತೆಗೆದುಕೊಂಡು, ಅಂಚಿನಿಂದ ಅಂಚಿಗೆ, ನಾನು ಮಕ್ಕಳಿಗೆ ಕಲಿಸುತ್ತಿದ್ದಷ್ಟೇ ಶುದ್ಧವಾಗಿ, ಒರೆಸಿದಳು.