ನೋಡಲಿಕ್ಕೆ ಎಂತ ಉಂಟು ಅಲ್ಲಿ?

ಮಂಗಳೂರಿನಲ್ಲಿ ನೋಡುವಂಥದ್ದು ಏನೂ ಇಲ್ಲ ಎಂಬುದನ್ನು ತೋರಿಸುವುದಕ್ಕಾಗಿಯೇ ನನ್ನ ಸೋದರಮಾವ ಒಂದು ವ್ಯಾನು ಇಟ್ಟುಕೊಂಡಿದ್ದಾರೆ. ನಂಬಿ, ಆ ವ್ಯಾನಿಗೆ ಬೇರೆ ಯಾವ ಕೆಲಸವೂ ಇಲ್ಲ. ಮೇ ತಿಂಗಳಲ್ಲಿ ಮುಂಬಯಿಯಿಂದಲೋ ಮಸ್ಕತ್ತಿನಿಂದಲೋ ನಂಟರು ಬಂದು ಪಡೀಲಿನ ಅವರ ಮನೆಯಲ್ಲಿ ಚೀಲ ಇಳಿಸಿದರೆ ಸಾಕು, ಮರುದಿನ ಬೆಳಿಗ್ಗೆ ನೀರುದೋಸೆ ತಿಂದು ಕೈ ತೊಳೆಯುವುದರೊಳಗೆ ಮಾವ ಅಂಗಳದಲ್ಲಿ ಹಾರ್ನ್ ಒತ್ತುತ್ತಿರುತ್ತಾರೆ. ಊರು ತೋರಿಸುವ ಹಕ್ಕು ಅವರೊಬ್ಬರದ್ದೇ. ಬೇರೆ ಯಾರಾದರೂ ತೋರಿಸಿದರೆ ಬಂದವರಿಗೆ ಊರು ಇಷ್ಟವಾಗಿಬಿಡುವ ಅಪಾಯವಿದೆಯಲ್ಲ!

ಮೊದಲು ಲೈಟ್‌ಹೌಸ್ ಗುಡ್ಡೆ. ಅಲ್ಲಿ ವ್ಯಾನು ನಿಲ್ಲುವುದಿಲ್ಲ, ಸ್ವಲ್ಪ ನಿಧಾನವಾಗುತ್ತದೆ. "ಅದು ದೀಪದ ಕಂಬ. ಈಗ ದೀಪ ಇಲ್ಲ. ಬರೀ ಕಂಬ ನೋಡುವುದಾದರೆ ನಮ್ಮ ಗೇಟಿನ ಎದುರು ಕರೆಂಟಿನದ್ದು ಉಂಟು" ಎಂದು ಹೇಳಿ ಗೇರು ಬದಲಾಯಿಸುತ್ತಾರೆ. ಕ್ಯಾಮೆರಾ ತೆಗೆದವರು ಕ್ಯಾಮೆರಾ ಒಳಗಿಡಬೇಕು. ಒಮ್ಮೆ ಮುಂಬಯಿಯಿಂದ ಬಂದ ಅತ್ತೆಯ ತಮ್ಮ ಹಟ ಹಿಡಿದದ್ದಕ್ಕೆ ಪಿಲಿಕುಳದ ಮೃಗಾಲಯಕ್ಕೆ ಹೋದೆವು. ಮಧ್ಯಾಹ್ನದ ಬಿಸಿಲಿಗೆ ಹುಲಿ ಮರದ ಬುಡದಲ್ಲಿ ಮಲಗಿತ್ತು. ಮಾವನಿಗೆ ಅಷ್ಟೇ ಬೇಕಿತ್ತು.

"ಮಲಗಿದವರನ್ನು ನೋಡ್ಲಿಕ್ಕೆ ಟಿಕೆಟು ಯಾಕೆ ಮಾರಾಯ? ನಾನು ಊಟ ಮಾಡಿ ಮಲಗಿದ್ದನ್ನು ನಿನ್ನ ಅಕ್ಕ ದಿನಾ ಪುಕ್ಕಟೆ ನೋಡ್ತಾಳೆ. ಹುಲಿ ಬೇಕಾದರೆ ನವರಾತ್ರಿಗೆ ಬಾ. ಹುಲಿಯೇ ಮನೆ ಬಾಗಿಲಿಗೆ ಬಂದು ಬ್ಯಾಂಡಿನ ಜೊತೆ ಕುಣಿದು ಹೋಗ್ತದೆ."

ಅಲ್ಲೊಂದು ಕೆರೆಯಿದೆ, ಕೆರೆಯಲ್ಲಿ ಪೆಡಲು ತುಳಿಯುವ ದೋಣಿಗಳಿವೆ. ಮುಂಬಯಿಯ ಮಕ್ಕಳು ಅತ್ತ ಓಡಿದರು. ಮಾವ ಅಷ್ಟೇ ಬೇಗ ಇತ್ತ ತಿರುಗಿ, ವ್ಯಾನಿನ ಟಯರಿಗೆ ಗಾಳಿ ಕಡಿಮೆಯಾಗಿದೆ ಎಂದು ಹೊರಟೇಹೋದರು. ಟಯರು ಕಲ್ಲಿನಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಒದ್ದು ನೋಡಿದ ನಾನೇ ಸಾಕ್ಷಿ.

ಪಣಂಬೂರು ಕಡಲ ತೀರದ್ದು ಇನ್ನೊಂದು ಬಗೆ. ಬೇರೆಯವರೆಲ್ಲ ನೀರಿಗಿಳಿದು ಕುಣಿಯುವಾಗ ಮಾವ ಒಣ ಮರಳಿನ ಮೇಲೆ ನಿಂತು ಎಲ್ಲರ ಚಪ್ಪಲಿ ಕಾಯುತ್ತಾರೆ. ಒಂದಲ್ಲ ಎರಡಲ್ಲ, ಎಂಟು ಹತ್ತು ಜೊತೆ ಚಪ್ಪಲಿಗಳನ್ನು ಎರಡೂ ಕೈಗಳಲ್ಲಿ ನೇತಾಡಿಸಿಕೊಂಡು ಯಾವುದೋ ಅಂಗಡಿಯ ಜಾಹೀರಾತಿನಂತೆ ನಿಂತಿರುತ್ತಾರೆ. "ಮಾವ, ಕಾಲಾದರೂ ಒದ್ದೆ ಮಾಡಿ" ಎಂದರೆ, "ಚಪ್ಪಲಿ ಹೋದರೆ ನೀನು ಕೊಡ್ತೀಯಾ?" ಎನ್ನುತ್ತಾರೆ. ಸೂರ್ಯ ಮುಳುಗುವುದನ್ನಾದರೂ ನೋಡಿ ಎಂದರೆ, ಆತ ಪಡೀಲಿನ ಟೆರೇಸಿಗೂ ದಿನಾ ಬಂದು ಮುಳುಗುತ್ತಾನೆ ಎಂಬ ಉತ್ತರ ಸಿದ್ಧವಿದೆ. ಇಂಥ ಮನುಷ್ಯನಿಗೆ ದೇವರು ಕಡಲು, ಎರಡು ನದಿ, ಗುಡ್ಡ ಎಲ್ಲ ಇರುವ ಊರನ್ನು ಯಾಕೆ ಕೊಟ್ಟನೋ! ಕಡೆಗೆ ಎಲ್ಲರನ್ನೂ ಐಸ್‌ಕ್ರೀಮಿನ ಅಂಗಡಿಗೆ ಕರೆದೊಯ್ದು ಗಡ್‌ಬಡ್ ತರಿಸಿ, "ಈ ಊರಲ್ಲಿ ನೋಡ್ಲಿಕ್ಕೆ ಇರುವುದು ಇದೊಂದೇ. ಅದೂ ಕರಗುವುದರೊಳಗೆ" ಎಂದು ಪ್ರವಾಸ ಮುಗಿಸುತ್ತಾರೆ.

ಈ ಎಲ್ಲ ಪ್ರವಾಸಗಳಲ್ಲೂ ವ್ಯಾನಿನ ಹಿಂದಿನ ಸೀಟಿನ ಮೂಲೆಯಲ್ಲಿ ಅತ್ತೆ ಇರುತ್ತಾರೆ. ಅವರ ಬಾಯಿಯಿಂದ ಇಡೀ ದಿನದಲ್ಲಿ ಬರುವುದು ಒಂದೇ ಬೇಡಿಕೆ, ಅದೂ ಸುಲ್ತಾನ್ ಬತ್ತೇರಿಯಲ್ಲಿ. ಬತ್ತೇರಿಯೆಂದರೆ ನದಿಯ ದಡದಲ್ಲಿರುವ ಕಪ್ಪು ಕಲ್ಲಿನ ಹಳೆಯ ಕಾವಲು ಕೋಟೆ. ಮಾವನ ಪ್ರಕಾರ ಅದು ಹತ್ತಿದರೆ ಇಳಿಯಲೇಬೇಕಾದ ಜಾಗ, ಇಳಿಯುವುದೇ ಆದರೆ ಹತ್ತುವುದು ಯಾಕೆ? ಅದರ ಪಕ್ಕದಿಂದಲೇ ಆಚೆ ದಡದ ತಣ್ಣೀರುಬಾವಿಗೆ ದೋಣಿ ಹೋಗುತ್ತದೆ. ಮೀನಿನ ಬುಟ್ಟಿಯ ಹೆಂಗಸರು, ಕಾಲೇಜಿನ ಹುಡುಗಿಯರು, ಎಲ್ಲರೂ ಹೋಗುತ್ತಾರೆ. ಐದೇ ನಿಮಿಷದ ದಾರಿ.

"ಒಮ್ಮೆ ದೋಣಿಯಲ್ಲಿ ಆಚೆ ಹೋಗಿ ಬರುವಾ?" ಎಂದು ಅತ್ತೆ ಕೇಳುತ್ತಾರೆ.

"ನೋಡ್ಲಿಕ್ಕೆ ಎಂತ ಉಂಟು ಅಲ್ಲಿ? ಈಚೆ ಇದ್ದ ಮರಳೇ ಆಚೆಯೂ" ಎಂದು ಮಾವ ವ್ಯಾನು ತಿರುಗಿಸುತ್ತಾರೆ.

ಮದುವೆಯಾಗಿ ಬಂದ ವರ್ಷ ಆ ದಡದಲ್ಲಿ ನಿಂತು ದೋಣಿ ಹೋಗುವುದನ್ನು ನೋಡಿದ ಅತ್ತೆ ಅಂದಿನಿಂದ ಪ್ರತಿವರ್ಷ ಇದನ್ನೇ ಕೇಳುತ್ತ ಬಂದಿದ್ದಾರೆ. ನಲವತ್ತು ವರ್ಷ! ಬಂಗಾರ ಕೇಳಿದ್ದರೆ ಸಿಗುತ್ತಿತ್ತು, ಸಿಕ್ಕಿದೆ ಕೂಡ. ತಮಾಷೆಯೆಂದರೆ ಮಾವ ನಿವೃತ್ತರಾಗುವವರೆಗೂ ಮಾಡಿದ ಕೆಲಸ ಬಂದರಿನಲ್ಲಿ ದೋಣಿಗಳಿಗೆ ಹಗ್ಗ, ಬಲೆ, ಲಂಗರು ಮಾರುವುದು. ಅಪ್ಪನಿಂದ ಬಂದ ಅಂಗಡಿ. ಯಾವ ಗಾಳಿಗೆ ಯಾವ ಹಗ್ಗ, ಎಷ್ಟು ಆಳಕ್ಕೆ ಎಷ್ಟು ಭಾರದ ಲಂಗರು ಎಂದು ಮೀನುಗಾರರೇ ಅವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. ಅವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬಿರುಗಾಳಿಯ ಕತೆ ಹೇಳುವುದನ್ನು ಕೇಳಿದರೆ ಅರಬ್ಬೀ ಸಮುದ್ರ ಅವರ ಹಿತ್ತಲಲ್ಲೇ ಇದೆಯೆಂದು ಅನಿಸುತ್ತಿತ್ತು. ಅಂಥವರು ಹೆಂಡತಿಯನ್ನು ಒಂದು ನದಿ ದಾಟಿಸಲಾರರೇ? ಬರೀ ಸೊಕ್ಕು ಎಂದು ನಾನು ತೀರ್ಮಾನಿಸಿದ್ದೆ. ನನ್ನ ತಾಯಿಯ ತಮ್ಮ ಎಂದು ಗೌರವ ಇಟ್ಟುಕೊಂಡಿದ್ದೆನೇ ಹೊರತು ಒಳಗೊಳಗೆ ಅವರನ್ನು ಕಂಡರೆ ನನಗೆ ತಾತ್ಸಾರವಿತ್ತು.

ಕಳೆದ ವರ್ಷ ಅತ್ತೆಯ ಎರಡೂ ಮೊಣಕಾಲುಗಳು ಕೈಕೊಟ್ಟವು. ಅತ್ತಾವರದ ಆಸ್ಪತ್ರೆಯೊಂದರಲ್ಲಿ ಬುಧವಾರಕ್ಕೆ ಆಪರೇಶನ್ ಎಂದು ನಿಗದಿಯಾಯಿತು. ಸಕ್ಕರೆ ಕಾಯಿಲೆ ಬೇರೆ ಇದ್ದುದರಿಂದ ಡಾಕ್ಟರು ಸ್ವಲ್ಪ ಅಳೆದೂ ತೂಗಿಯೇ ಮಾತಾಡಿದ್ದರು. ಆ ಆದಿತ್ಯವಾರ ನಾನು ಪಡೀಲಿಗೆ ಹೋದಾಗ ಅತ್ತೆ ಸೀರೆ ಉಟ್ಟು ಚಾವಡಿಯಲ್ಲಿ ಕೂತಿದ್ದರು, ಮಾವ ಬಾಗಿಲ ಹತ್ತಿರ ನಿಂತಿದ್ದರು.

"ಅಳಿಯ, ನನ್ನನ್ನು ನೀನು ಒಮ್ಮೆ ಆ ದೋಣಿಯಲ್ಲಿ ಕರ್ಕೊಂಡು ಹೋಗು. ಆಪರೇಶನ್ ಆದ ಮೇಲೆ ಹತ್ತಿ ಇಳಿಯುವುದು ಕಷ್ಟ. ಹೆಚ್ಚು ಕಡಿಮೆ ಎಂತಾದರೂ ಆದರೆ ಮತ್ತೆ ಇಲ್ಲವೇ ಇಲ್ಲ. ಇವರು ಬರುವುದು ಬೇಡ."

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಮಾವ, ನಲವತ್ತು ವರ್ಷದಲ್ಲಿ ಐದು ನಿಮಿಷ ಸಿಗಲಿಲ್ಲವಾ ನಿಮಗೆ? ಊರಿಗೆಲ್ಲ ಹಗ್ಗ ಕೊಟ್ಟಿರಿ, ಮನೆಯವರಿಗೆ ಒಂದು ದೋಣಿ ಕೊಡಲಿಲ್ಲ" ಎಂದು ಬಾಯಿಗೆ ಬಂದದ್ದನ್ನು ಅಂದೆ. ಮಾವ ಗೂಟದಲ್ಲಿದ್ದ ವ್ಯಾನಿನ ಕೀ ತೆಗೆದುಕೊಂಡು, "ನಾನೂ ಬರ್ತೇನೆ" ಎಂದರು.

ದೋಣಿ ಹತ್ತುವ ದಕ್ಕೆಯಲ್ಲಿ ಶುರುವಾಯಿತು ಮಾವನ ತಪಾಸಣೆ. ದೋಣಿ ಕಟ್ಟಿದ ಹಗ್ಗವನ್ನು ಮುಟ್ಟಿ, ತುದಿಯ ಎಳೆ ಬಿಡಿಸಿ ನೋಡಿ, "ಇದನ್ನು ಎಲ್ಲಿಂದ ತಂದದ್ದು? ಒಳಗೆ ಎಳೆ ಸತ್ತಿದೆ" ಎಂದು ದೋಣಿಯವನನ್ನು ತರಾಟೆಗೆ ತೆಗೆದುಕೊಂಡರು. ದೋಣಿಯವನು, "ನೀವು ಹತ್ತಿದರೆ ಅದನ್ನು ಬಿಚ್ಚಲಿಕ್ಕೇ ಇರುವುದು ಮಾರಾಯ್ರೆ" ಎಂದ. ಒಂದು ದೋಣಿ ಹೋಯಿತು. ಇನ್ನೊಂದು ಬಂತು. ನಾನು ಅತ್ತೆಯನ್ನು ಎತ್ತಿ ಇಳಿಸಿ ಕೂರಿಸಿ, ಮಾವನಿಗೆ ಕೈ ನೀಡಿದೆ. ಆ ಕೈ ಹಿಡಿದಾಗ ಗೊತ್ತಾಯಿತು. ಅದು ತಣ್ಣಗಾಗಿತ್ತು, ನನ್ನ ಕೈಯನ್ನು ಹಗ್ಗದಂತೆ ಬಿಗಿದಿತ್ತು, ಬಿಳಿಚಿದ ಮುಖದಲ್ಲಿ ಬೆವರು ಇಳಿಯುತ್ತಿತ್ತು.

ಗಟ್ಟಿ ಟಯರಿಗೆ ಹೊಡೆಸಿದ ಗಾಳಿ, ಒಣ ಮರಳಿನ ಮೇಲೆ ನೇತಾಡಿದ ಹತ್ತು ಜೊತೆ ಚಪ್ಪಲಿ, ನಲವತ್ತು ವರ್ಷಗಳ ತಿರಸ್ಕಾರ, ಎಲ್ಲದರ ಅರ್ಥ ದೋಣಿಯ ಹಲಗೆಯ ಮೇಲೆ ನನಗೆ ಒಟ್ಟಿಗೇ ಆಯಿತು. ಬಂದರಿನಲ್ಲಿ ಹಗ್ಗ ಮಾರುವವನು ತನಗೆ ನೀರೆಂದರೆ ಹೆದರಿಕೆ ಎಂದು ಯಾರ ಹತ್ತಿರ ಹೇಳಬೇಕು? ನನ್ನ ನಾಲಿಗೆಯ ಬಗ್ಗೆ ನನಗೇ ನಾಚಿಕೆಯಾಯಿತು.

ದೋಣಿ ಹೊರಟಿತು. ಮಾವ ಹಲಗೆಯನ್ನು ಎರಡೂ ಕೈಗಳಿಂದ ಹಿಡಿದು ಬಗ್ಗಿ ಕೂತರು. ಅತ್ತೆ ಅವರ ಒಂದು ಕೈಯನ್ನು ಬಿಡಿಸಿ ತನ್ನ ಮಡಿಲಲ್ಲಿಟ್ಟುಕೊಂಡರು.

"ಕಣ್ಣು ಮುಚ್ಚಿ ನೀವು. ನೋಡ್ಲಿಕ್ಕೆ ಎಂತ ಉಂಟು ಇಲ್ಲಿ? ಬರೀ ನೀರು. ನಮ್ಮ ಬಾವಿಯಲ್ಲಿ ಇಲ್ಲವಾ ನೀರು? ಆಚೆ ಎರಡು ತೆಂಗಿನ ಮರ ಕಾಣ್ತದೆ, ಅದೂ ಸೊಟ್ಟ."

ಮಾವ ಕಣ್ಣು ಮುಚ್ಚಿದರು. ಅತ್ತೆ ಮಾತು ನಿಲ್ಲಿಸಲಿಲ್ಲ. ಬೋಟುಗಳಿಗೆ ಬಣ್ಣ ಸರಿಯಿಲ್ಲ, ಹದ್ದು ಕಾಗೆಯಷ್ಟೇ ಇದೆ, ಅಳಿವೆಯ ಬಾಯಿ ಎಂದರೆ ಏನೋ ಅಂದುಕೊಂಡಿದ್ದೆ, ಎಂಥದೂ ಇಲ್ಲ ಎಂದು ಒಂದೊಂದನ್ನೇ ಹಳಿಯುತ್ತ ಹೋದರು. ಆದರೆ ಅವರ ಕಣ್ಣು! ನದಿ ಕಡಲಿಗೆ ಸೇರುವ ಆ ಹೊಳೆಯುವ ಜಾಗವನ್ನು, ಬಣ್ಣಬಣ್ಣದ ಬೋಟುಗಳನ್ನು, ಹದ್ದು ನೀರಿಗೆರಗಿ ಏಳುವುದನ್ನು ಅವು ರೆಪ್ಪೆ ಹೊಡೆಯದೆ ನೋಡುತ್ತಿದ್ದವು.

ಆಚೆ ದಡದಿಂದ ಆಟೋ ಹಿಡಿದು ಕಡಲ ತೀರಕ್ಕೆ ಹೋದೆವು. ಅತ್ತೆ ನನ್ನ ತೋಳು ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತರು. ಮಾವ ಹಿಂದೆ ಒಣ ಮರಳಿನಲ್ಲಿ ನಮ್ಮ ಚಪ್ಪಲಿ ಹಿಡಿದು ನಿಂತಿದ್ದರು.

"ಅತ್ತೆ, ನಿಮಗೆ ಯಾವಾಗ ಗೊತ್ತಾದದ್ದು?"

"ಮದುವೆಯಾದ ತಿಂಗಳೇ."

"ಗೊತ್ತಿದ್ದೂ ವರ್ಷ ವರ್ಷ ಯಾಕೆ ಕೇಳ್ತಿದ್ರಿ?"

"ಒಮ್ಮೆ ಹೋಗುವ ಆಸೆ ಇತ್ತಲ್ಲ. ಮತ್ತೆ, ಕೇಳುವುದು ನಿಲ್ಲಿಸಿದರೆ ನನಗೆ ಗೊತ್ತುಂಟು ಅಂತ ಅವರಿಗೆ ಗೊತ್ತಾಗ್ತಿತ್ತು."

  ಹಿಂತಿರುಗುವ ಹೊತ್ತಿಗೆ ನಾನೇ ಮಾವನ ಹತ್ತಿರ ಹೋಗಿ, ಇದೇ ಆಟೋದಲ್ಲಿ ಕೂಳೂರಿನ ಸೇತುವೆ ದಾಟಿ ಸುತ್ತು ಹಾಕಿ ರಸ್ತೆಯಲ್ಲೇ ಹೋಗೋಣ, ವ್ಯಾನನ್ನು ನಾನು ಆಮೇಲೆ ತರುತ್ತೇನೆ ಎಂದೆ. ಮಾವ ಅತ್ತೆಯ ಚಪ್ಪಲಿಗಳನ್ನು ಮರಳು ಕೊಡವಿ ಅವರ ಕಾಲ ಹತ್ತಿರ ಇಟ್ಟರು.

"ರಸ್ತೆಯಲ್ಲಿ ನೋಡ್ಲಿಕ್ಕೆ ಎಂತ ಉಂಟು?" ಎಂದರು. "ದೋಣಿಯಲ್ಲೇ ಹೋಗುವ. ಬರುವಾಗ ನಾನು ಸರಿ ನೋಡಲಿಲ್ಲ."