ಮಾವನವರ ಚರಿತ್ರೆಗೊಂದು ವೇಳಾಪಟ್ಟಿ

ಬರೆಯುವುದಕ್ಕಿಂತ ಬರೆಯಲು ಯೋಜನೆ ಹಾಕುವುದು ಎಷ್ಟು ಕಷ್ಟದ ಕೆಲಸ ಎಂಬುದು ನನ್ನ ಹೆಂಡತಿ ಭುವನೇಶ್ವರಿಗೆ ಇಂದಿಗೂ ತಿಳಿದಿಲ್ಲ. ಕೆರೂರಿನಲ್ಲಿರುವ ಅವಳ ತಂದೆ ರಾಚಯ್ಯನವರಿಗೆ ಎಂಬತ್ತು ತುಂಬುವ ಸಮಾರಂಭದಲ್ಲಿ ಅವರ ಜೀವನ ಚರಿತ್ರೆ ಬಿಡುಗಡೆಯಾಗಬೇಕು, ಬರೆಯುವವನು ನಾನೇ ಎಂದು ಬೀಗರೆಲ್ಲರ ಎದುರು ಎದೆ ತಟ್ಟಿ ಹೇಳಿದ್ದೆ. (ಹೋಳಿಗೆ ಉಂಡ ಮೇಲೆ ನನಗೆ ಇಂಥ ಧೈರ್ಯ ಬರುತ್ತದೆ.)

ಇಳಕಲ್ಲಿಗೆ ಮರಳಿದವನೇ ಪಡಸಾಲೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಜನನಕ್ಕೆ ಹಸಿರು ಶಾಯಿ, ವಿವಾಹಕ್ಕೆ ಕೆಂಪು, ವ್ಯಾಪಾರಕ್ಕೆ ನೀಲಿ. ಜನನದ ವಾರ ಹಾಗೆಯೇ ಕಳೆದುಹೋದದ್ದರಿಂದ ಹೊಸ ಪಟ್ಟಿ ಬೇಕಾಯಿತು. ಅದರಲ್ಲಿ ಜನನ, ವಿವಾಹ ಎರಡೂ ಒಂದೇ ವಾರಕ್ಕೆ ಬಂದವು. ಮುಂದಿನ ಪಟ್ಟಿಯಲ್ಲಂತೂ ಮಾವನವರು ಬೆಳಿಗ್ಗೆ ಹುಟ್ಟಿ ಸಂಜೆಗೆ ಮೊಮ್ಮಕ್ಕಳನ್ನು ಆಡಿಸಬೇಕಾಗಿತ್ತು.

"ರೀ, ಪುಸ್ತಕಾ ಎಲ್ಲಿಗೆ ಬಂತ್ರಿ?"

"ಚೌಕಟ್ಟು ತಯಾರ ಆಗೇತಿ."

"ಬಾಗಲಾ ಯಾವಾಗ ಹಚ್ಚತೀರಿ?"

ಬಾಗಲಕೋಟೆಯ ಮುದ್ರಣಾಲಯದವರು ಫೋನ್ ಮಾಡಿ, ಮುಖಪುಟ ಅಚ್ಚಾಗಿದೆ, ಒಳಗಿನ ಹಾಳೆ ಬಾರದಿದ್ದರೆ ಅದನ್ನೇ ಬಿಡುಗಡೆ ಮಾಡಿಸಿರಿ ಎಂದರು. ಆಮಂತ್ರಣ ಪತ್ರಿಕೆಗಳು ಊರೂರಿಗೆ ಹೋಗಿಬಿಟ್ಟಿದ್ದವು. ನನಗೆ ನಿಜಕ್ಕೂ ಭಯ ಹತ್ತಿತು. ಆ ಭಯದಲ್ಲೇ ಮತ್ತೊಂದು ಪಟ್ಟಿಗೆ ಗೆರೆ ಎಳೆಯುತ್ತಿದ್ದಾಗ ಮಾವನವರೇ ಬಂದಿಳಿದರು.

ಅವರು ಲಿಂಗಪೂಜೆಯ ನಂತರ ನಾಲ್ಕು ವಚನ ಓದಿಸಿ ಕೇಳಿಯೇ ಪ್ರಸಾದ ತೆಗೆದುಕೊಳ್ಳುವವರು. ಭುವನೇಶ್ವರಿ ವಚನ ಓದಿ ತಾಟು ತಂದಿಟ್ಟಳು. ಮಾವನವರು ಮುಟ್ಟಲಿಲ್ಲ.

"ಸಂಗಮೇಶಪ್ಪಾ, ನೀವು ಬರದದ್ದೂ ಒಂದಿಷ್ಟು ಓದ್ರಿ. ಕೇಳಿನ ಉಣತೇನಿ."

"ಅಪ್ಪಾ, ನಿಮಗ ಸಕ್ಕರಿ ಐತಿ. ಗುಳಿಗಿ ಬ್ಯಾರೆ ನುಂಗೀರಿ. ಮೊದಲ ಉಣ್ರಿ!"

"ಒಮ್ಮೆ ಹೇಳಿದೆನಲ್ಲವಾ."

ಮಾವನವರು ಆಡಿದ ಮಾತಿಗೆ ತಪ್ಪುವವರಲ್ಲ. ಭುವನೇಶ್ವರಿ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು.

"ಎಷ್ಟು ಹಾಳಿ ಬರದೀರಿ? ಖರೆ ಹೇಳ್ರಿ."

ನಾನು ನೆಲ ನೋಡಿದೆ.

"ಅಯ್ಯ ಶಿವನ! ಅಪ್ಪನ ಕೈ ನಡಗಾಕತ್ತಾವ. ಖಾಲಿ ಹಾಳಿ ಹಿಡಕೊಂಡು ಬಾಯಿಲೆ ಹೇಳ್ರಿ. ನಾ ರೆಕಾರ್ಡ್ ಮಾಡತೇನಿ, ಆಮ್ಯಾಲೆ ಬರಕೋರಿ" ಎನ್ನುತ್ತ ಫೋನು ಕೈಗೆತ್ತಿಕೊಂಡಳು.

"ಏನಂತ ಹೇಳ್ಲಿ? ನಿಮ್ಮಪ್ಪ ಜಲ್ಮಾ ಪೂರ್ತಿ ಕೆರೂರ ಪ್ಯಾಟ್ಯಾಗ ಒಂದ ಗಾದಿ ಮ್ಯಾಲೆ ಕುಂತು ಬೆಲ್ಲ ಮಾರ್ಯಾರ. ತೂಕದಾಗ ಯಾರಿಗೂ ಮೋಸ ಮಾಡಿಲ್ಲ, ಯಾರ ಮ್ಯಾಲೂ ದನಿ ಏರಿಸಿಲ್ಲ. ಇಂಥಾವರ ಮ್ಯಾಲೆ ಪುಸ್ತಕಾ ಹೆಂಗ ಬರೀಬೇಕು? ಅವರ ಮಗಳನ್ನ ಕಟಗೊಂಡು ನಾ ಪಟ್ಟದ್ದು ಬರಿ ಅಂದ್ರ ಎರಡು ಸಂಪುಟ ಆಗತೈತಿ!"

ಅವಳು ನನ್ನನ್ನು ಪಡಸಾಲೆಗೆ ನೂಕಿದಳು.

ಖಾಲಿ ಹಾಳೆ ಹಿಡಿದು ನಾನು ಓದಿದೆ, ಅಂದರೆ ಒದರಿದೆ. ಮಾವನವರನ್ನು ಎತ್ತಿನ ಬಾಲ ಹಿಡಿಸಿ ಉಕ್ಕಿದ ಮಲಪ್ರಭೆ ದಾಟಿಸಿದೆ. ಪಟ್ಟದಕಲ್ಲಿನ ದಾರಿಯಲ್ಲಿ ಕಳ್ಳರ ಗುಂಪನ್ನು ಅವರೊಬ್ಬರಿಂದಲೇ ಓಡಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಬೆವರು ನನಗೂ ಇಳಿಯುತ್ತಿತ್ತು, ಅವರಿಗೂ.

"ಸಾಕು. ರೊಟ್ಟಿ ಬಡಸವಾ" ಎಂದರು.

ಬದುಕಿದೆ ಎಂದುಕೊಂಡೆ. ಅವರು ಊರಿಗೆ ಹೋದ ಮೇಲೆ ಭುವನೇಶ್ವರಿ, ಅಪ್ಪನ ಸಾಹಸ ಎಲ್ಲರೂ ಕೇಳಲೆಂದು ಆ ರೆಕಾರ್ಡನ್ನು ಬೀಗರ ವಾಟ್ಸಾಪ್ ಗುಂಪಿಗೆ ಹಾಕಿದಳು. ಮರುದಿನ ಮಾವನವರ ಫೋನು ಬಂತು.

"ಸಂಗಮೇಶಪ್ಪಾ, ಹೊಳಿ, ಎತ್ತು, ಕಳ್ಳರು ಎಲ್ಲಾ ಸುಳ್ಳು. ಹೊಟ್ಟಿ ಹಸ್ದಿತ್ತು, ಸುಮ್ಮನ ಕುಂತೆ. ಆದರ ಮೊದಲಿಗೆ ಅಡಗಿಮನ್ಯಾಗ ಆಡೀರಲ್ಲ, ಅದು ಅಗದಿ ಖರೆ ಐತಿ."

ಭುವನೇಶ್ವರಿ ರೆಕಾರ್ಡ್ ಗುಂಡಿ ಒತ್ತಿದ್ದು ಅಡುಗೆಮನೆಯಲ್ಲೇ!

"ಅಷ್ಟನ್ನ ಛಾಪಸ್ರಿ. ಒಂದ ಅಕ್ಷರಾ ಬಿಡಬ್ಯಾಡ್ರಿ. ಸಮಾರಂಭದಾಗ ನೀವ ಓದ್ರಿ."

ಹೀಗೆ ಒಂದೇ ಪುಟದ ಗ್ರಂಥ ಕೆರೂರಿನಲ್ಲಿ ಬಿಡುಗಡೆಯಾಯಿತು. ನಾನೇ ಓದತೊಡಗಿದೆ. ಗಾದಿ, ಬೆಲ್ಲ, ತೂಕ ಮುಗಿಯುವಷ್ಟರಲ್ಲಿ ಮಾವನವರು ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡರು. ಇಲ್ಲಿಗೇ ಮುಗಿಸುವುದು ಲೇಸೆಂದು ಪುಸ್ತಕ ಮುಚ್ಚಿ ಕೈ ಮುಗಿದೆ.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಭುವನೇಶ್ವರಿ ಎದ್ದು ನಿಂತಳು.

"ರೀ, ಕಡೀ ಸಾಲ ಉಳೀತು. ಅದನ್ನೂ ಓದ್ರಿ, ಎಲ್ಲಾರೂ ಕೇಳ್ಲಿ."