ಮಲಗಿದ ಬುದ್ಧ, ನಿಂತ ಹೆಂಡತಿ, ಮುನಿದ ಕ್ಯಾಮೆರಾ

ಯಂತ್ರಗಳಿಗೂ ನನಗೂ ಪೂರ್ವಜನ್ಮದ ವೈರವಿರಬೇಕು. ನನ್ನ ಕೈ ತಾಗಿದರೆ ಸಾಕು, ಮಿಕ್ಸರ್ ಮುಚ್ಚಳ ಹಾರಿಸುತ್ತದೆ. ಇಂಥ ನನಗೆ ಗುರುಮಠಕಲ್‌ನ ಸಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ದೊಡ್ಡ ಮೊಬೈಲು ಕೊಂಡ ಖುಷಿಯಲ್ಲಿ ತನ್ನ ಪುಟ್ಟ ಕ್ಯಾಮೆರಾವನ್ನು ದಾನ ಮಾಡಿದ. ಸಾಬೂನಿನ ಬಿಲ್ಲೆಯಷ್ಟಿದೆ, ಹಾಗೆಯೇ ಜಾರುತ್ತದೆ. ಜೊತೆಗೆ ಬಂದ ಪುಸ್ತಿಕೆಯನ್ನು ನಿವೃತ್ತ ಹೆಡ್‌ಮಾಸ್ತರನಾದ ನಾನು ಶಾಸ್ತ್ರೋಕ್ತವಾಗಿ ಮೊದಲ ಪುಟದಿಂದಲೇ ಓದತೊಡಗಿದೆ. ನೀರಿನಲ್ಲಿ ಮುಳುಗಿಸಬಾರದು, ಬೆಂಕಿಗೆ ಹಾಕಬಾರದು ಎಂಬ ಹಿತವಚನಗಳು ಮುಗಿದು, ದಾರ ಕಟ್ಟುವ ಅಧ್ಯಾಯ ದಾಟುವಷ್ಟರಲ್ಲಿ ನಿದ್ದೆ ಬಂತು. ಹೀಗಾಗಿ ಕ್ಯಾಮೆರಾಕ್ಕೆ ದಾರ ಕಟ್ಟುವುದರಲ್ಲಿ ಯಾದಗಿರಿಯಲ್ಲಿ ನನ್ನನ್ನು ಮೀರಿಸುವವರಿಲ್ಲ.

ಅದನ್ನು ಹಿಡಿದು ಇಬ್ಬರೂ ಜಿಲ್ಲೆ ಸುತ್ತಲು ಹೊರಟಾಗ ಹೆಂಡತಿಯ ಬೇಡಿಕೆ ಒಂದೇ: ಫೋಟೋದಲ್ಲಿ ತನಗೆ ತಲೆ ಇರಬೇಕು. ಹತ್ತಿಕುಣಿ ಕೆರೆಯ ಮುಂದೆ ಅವಳು ಕೊರಳಿನಿಂದ ಕೆಳಗೆ ಮಾತ್ರ ಬಂದಿದ್ದಳು. ಸುರಪುರದಲ್ಲಿ ಗುಡ್ಡದ ಪಕ್ಕ ಇನ್ನೊಂದು ಗುಡ್ಡ ಮೂಡಿ ಅವಳನ್ನು ನುಂಗಿತ್ತು. ನೋಡಿದರೆ ನನ್ನ ಹೆಬ್ಬೆರಳು. "ಶಹಾಪುರದಾಗರೆ ನನ್ನ ತಲಿ ಬರ್ಲಿರಿ. ತಂಗಿಗೆ ಕಳಸ್ಬೇಕು. ಆಕಿ ನನ್ನ ಬರೇ ಸೀರಿ ನೋಡಿ ಗುರ್ತ ಹಿಡ್ಯಾಕತ್ತಾಳ" ಎಂದಳು. ಸವಾಲು ಸ್ವೀಕರಿಸಿ, ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ದಾರ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದೆ. ಆಗ ಕ್ಯಾಮೆರಾದ ನೆತ್ತಿಯ ಮೇಲಿದ್ದ ಚಕ್ರವೊಂದು ಕಟಕ್ಕೆಂದು ತಿರುಗಿದ್ದು ನಿಜ. ಸಣ್ಣಪುಟ್ಟದ್ದಕ್ಕೆಲ್ಲ ಗಮನ ಕೊಡುವುದು ನನ್ನ ಸ್ವಭಾವವಲ್ಲ.

ಶಹಾಪುರದಲ್ಲಿ ಇಳಿದು ರಸ್ತೆಬದಿಗೆ ನಿಂತೆವು. ಬೆಟ್ಟಗಳ ಸಾಲು ಸೇರಿ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತಿತ್ತು. ಹೆಂಡತಿ ಸೆರಗು ಸರಿಮಾಡಿಕೊಂಡು ನಿಂತಳು. "ನಗಬ್ಯಾಡ, ಗಂಭೀರ ನಿಂದ್ರು" ಎಂದು ಆಜ್ಞಾಪಿಸಿದೆ. ನಮ್ಮ ಕಡೆ ಫೋಟೋಕ್ಕೆ ನಿಲ್ಲುವುದೆಂದರೆ ಕೋರ್ಟಿನಲ್ಲಿ ಸಾಕ್ಷಿಗೆ ನಿಂತಂತೆ. ಗುಂಡಿ ಒತ್ತಿದೆ. ಒಂದು ದೀಪ ಮಿಟುಕಿತು, ಅಷ್ಟೇ. ಮತ್ತೆ ಒತ್ತಿದೆ, ಮತ್ತೆ ಮಿಟುಕಿತು. "ಇನ್ನೂ ಗಂಭೀರ ಆಗು" ಎಂದೆ. ಆದಳು. ಆಮೇಲಂತೂ ಅವಳ ಮುಖ ನೋಡಲು ನನಗೇ ಅಂಜಿಕೆಯಾಯಿತು.

"ಆತೇನ್ರಿ? ಆ ಬುದ್ಧ ಎದ್ದು ಕುಂದರ್ತಾನ, ನಿಮ್ಮ ಫೋಟೋ ಆಗಂಗಿಲ್ಲ."

ಅಲ್ಲೇ ಬಸ್ಸಿಗೆ ಕಾಯುತ್ತಿದ್ದ ಪಕ್ಕದ ಸಗರ ಊರಿನ ರೈತರೊಬ್ಬರಿಗೆ ಕನಿಕರ ಹುಟ್ಟಿತು. ದೊಡ್ಡ ರುಮಾಲಿನ ಮನುಷ್ಯ. "ಸೆಲ್ ಮುಗ್ದಾವೇನ್ರಿ ಸಾಹೇಬ್ರ?" ಎನ್ನುತ್ತ ಬಂದು, ಮುಂದಿನಿಂದ ಪರೀಕ್ಷಿಸಲು ಹೆಂಡತಿಯ ಪಕ್ಕದಲ್ಲೇ ನಿಂತರು.

"ಫೋಟೋ ಬರಂಗಿಲ್ಲ ಖರೆ, ಆದ್ರ ನಮ್ಮನಿಯವ್ರು ದಾರ ಭಾಳ ಚೆಂದ ಕಟ್ತಾರ್ರಿ" ಎಂದು ಹೆಂಡತಿ ಮುಖ ಸಡಿಲಿಸದೆಯೇ ಹೇಳಿದಳು. ಅವರು ಬಾಯಿ ತುಂಬ ನಕ್ಕರು. ಕ್ಲಿಕ್!

"ನೀವು ಸ್ವಲ್ಪ ಆಕಡಿ ಸರೀರಿ" ಎಂದೆ. ಸರಿದರು. ಕ್ಯಾಮೆರಾ ಮತ್ತೆ ಮೌನವ್ರತ ಹಿಡಿಯಿತು. ಏನಾಯಿತೆಂದು ಅವರು ಇಣುಕಿ ನಕ್ಕರೆ ಮತ್ತೆ ಕ್ಲಿಕ್! "ಇದು ನನಗ ಒಗ್ಗೇತ್ರಿ" ಎಂದು ಹೆಮ್ಮೆಪಟ್ಟರು. ಅಷ್ಟರಲ್ಲಿ ಬಸ್ಸು ಬಂತು.

ಮನೆಗೆ ಬಂದು ಪುಸ್ತಿಕೆಯನ್ನು ಈ ಸಲ ಕೊನೆಯಿಂದ ಓದಿದೆ. ಆ ಚಕ್ರ ತಿರುಗಿ ನಿಂತಿದ್ದು ನಗುವಿನ ಗುರುತಿನ ಮೇಲೆ! ಎದುರಿಗಿದ್ದವರು ಯಾರಾದರೂ ನಗುವವರೆಗೆ ಅದು ಫೋಟೋ ತೆಗೆಯುವುದಿಲ್ಲವಂತೆ. ಅದರ ಮುಂದೆ ನಾನು ಗಾಂಭೀರ್ಯದ ಕವಾಯತು ಮಾಡಿಸಿದ್ದೆ. ಇರಲಿ, ಹೆಂಡತಿಗೆ ತಲೆಯಂತೂ ಬಂದಿತ್ತು. ಬುದ್ಧ ಮಾತ್ರ ರುಮಾಲಿನ ಹಿಂದೆ ಮಲಗಿದ್ದ. ಅದನ್ನೇ ಫೋಟೋ ಅಂಗಡಿಯಲ್ಲಿ ಮೊಬೈಲಿಗೆ ಹಾಕಿಸಿ ನಾದಿನಿಗೆ ಕಳಿಸಿದೆವು.

ಸಂಜೆ ಅವಳ ಫೋನು ಬಂತು. ಹೆಂಡತಿ ಸ್ಪೀಕರ್ ಹಾಕಿದಳು. ನಾನು ಹೆಂಡತಿಯ ಎದುರು ಕೂತು, ಕ್ಯಾಮೆರಾದ ಗುಂಡಿ ಒತ್ತುವುದು, ಚಕ್ರ ತಿರುಗಿಸುವುದು ನಡೆಸಿದ್ದೆ.

"ಅಕ್ಕಾ, ನಿನ್ನ ಬಾಜೂಕ ಇದ್ದವ್ರು ಮಾಮಾನ ಅಂದ್ಕೊಂಡಿದ್ದೆ. ನಗಾಕತ್ತಿದ್ದು ನೋಡಿ, ಅಲ್ಲಂತ ಖಾತ್ರಿ ಆತು!"

ಹೆಂಡತಿ ನನ್ನ ಮುಖ ನೋಡಿದಳು. ಸೆರಗು ಬಾಯಿಗೆ ಹೋಗುವ ಮೊದಲೇ ನಗು ಸಿಡಿಯಿತು. ಕೈಯಲ್ಲಿದ್ದ ಕ್ಯಾಮೆರಾ ತಾನಾಗಿಯೇ ಕ್ಲಿಕ್ ಎಂದಿತು.

ತಲೆ ಇದೆ, ಕಣ್ಣಿದೆ, ಇಷ್ಟು ವರ್ಷ ನಾನೇ ಸರಿಯಾಗಿ ನೋಡಿರದ ನಗುವೂ ಇದೆ. ನಮ್ಮ ಇಡೀ ಪ್ರವಾಸದ ಅತ್ಯುತ್ತಮ ಚಿತ್ರ ಹೀಗೆ ಅಡುಗೆಮನೆಯಲ್ಲಿ, ಉಪ್ಪಿನಕಾಯಿ ಭರಣಿಗಳ ಮುಂದೆ ಮೂಡಿತು. ತೆಗೆದವರು ಯಾರೆಂದು ಬಂದವರೆಲ್ಲ ಕೇಳುತ್ತಾರೆ. ನಾನು ಸುಳ್ಳು ಹೇಳುವವನಲ್ಲ. ದಾರ ಕಟ್ಟಿದವನು ನಾನು ಎನ್ನುತ್ತೇನೆ.